ಅಕ್ಕನ ಕ್ಯಾಲ್ಸಿಯಂ, ಎಲ್ಲರ ಶಾಣ್ಯಾತನ

ಏನೂ ಓದದವರು ತಪ್ಪು ಮಾಡಿದರೆ ನನಗೆ ಸಿಟ್ಟು ಬರುವುದಿಲ್ಲ. ಅರ್ಧ ಓದಿ ಪೂರ್ತಿ ಮಾತಾಡುವವರನ್ನು ಕಂಡರೆ ಮೈ ಉರಿಯುತ್ತದೆ, ಮತ್ತು ಅಂಥವರು ನನಗೆ ಸಿಗದ ವಾರವೇ ಇಲ್ಲ. ಗದಗ ಜಿಲ್ಲೆಯಾದ ಹೊಸತರಲ್ಲಿ, ಕಚೇರಿಗಳ ಬೋರ್ಡಿನ ಬಣ್ಣ ಇನ್ನೂ ಹಸಿ ಇದ್ದಾಗ, ಅವರೆಲ್ಲ ಒಂದೇ ದಿನ ಸಾಲುಗಟ್ಟಿ ಸಿಕ್ಕರು.

ನಾನು ಗದಗಿನ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಅಕ್ಕ ಲಕ್ಷ್ಮೇಶ್ವರದಲ್ಲಿ, ಕಾಳುಕಡಿ ವ್ಯಾಪಾರಿಯ ಹೆಂಡತಿ. ಕುತ್ತಿಗೆಯಲ್ಲಿ ಗಂಟು ಬೆಳೆದು, ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿ ಇಡೀ ಥೈರಾಯ್ಡ್ ತೆಗೆದಿದ್ದರು. ಮನೆಗೆ ಬಿಡುವಾಗ ಸರ್ಜನ್ ಒಂದೇ ಮಾತು ಹೇಳಿದ್ದರು: "ಕ್ಯಾಲ್ಸಿಯಂ ಗುಳಿಗಿ ತಪ್ಪಿಸಬ್ಯಾಡ್ರಿ. ತಪ್ಪಿಸಿದ್ರ ಕೈಕಾಲು ಸೆಟೀತಾವ, ಫಿಟ್ಸ್ ಬಂದ್ರೂ ಬಂತು."

ಸುಣ್ಣ

ಹತ್ತು ದಿನ ಬಿಟ್ಟು ನೋಡಲು ಹೋದೆ. ಅಕ್ಕ ಬಾಯಿ ಮುಚ್ಚಿಕೊಂಡು ಕೂತಿದ್ದಳು. "ತುಟಿ ಸುತ್ತ ಜುಮುಜುಮು ಅಂತೈತೋ ತಮ್ಮಾ. ಬೆರಳೂ ಹಂಗ."

ಗುಳಿಗೆಯ ಪಟ್ಟಿ ನೋಡಿದೆ. ಮುಟ್ಟೇ ಇಲ್ಲ. ಮಾಮಾ, ಅಂದರೆ ಅಕ್ಕನ ಗಂಡ, ಶಾಂತವಾಗಿ ಹೇಳಿದರು: "ಡಾಕ್ಟರು ಕ್ಯಾಲ್ಸಿಯಂ ಕೊಡ್ರಿ ಅಂದ್ರು. ಔಷಧ ಅಂಗಡಿಯಾಂವ ಗುಳಿಗಿ ಬ್ಯಾಡ ಅಂದ. ಇಬ್ಬರ ಮಾತೂ ಉಳೀಲಿ ಅಂತ ವೀಳ್ಯದೆಲಿಗೆ ಸುಣ್ಣ ಹಚ್ಚಿ ಕೊಡಾಕತ್ತೀನಿ. ದಿನಾ ಹತ್ತು ಎಲಿ. ಸುಣ್ಣ ಅಂದ್ರ ಕ್ಯಾಲ್ಸಿಯಮ್ಮೇ ಅಲ್ಲೇನು ಮಾಸ್ತರ?"

ಅಕ್ಕನ ಬಾಯಿ ತೆರೆಸಿದೆ. ಒಳಗೆಲ್ಲ ಸುಟ್ಟು ಕೆಂಪಾಗಿತ್ತು. ನನ್ನ ದನಿ ಓಣಿಗೆಲ್ಲ ಕೇಳಿತು. "ಸುಣ್ಣದಿಂದ ಗಟ್ಟಿ ಆಗೂದಿದ್ರ, ಆ ಗ್ವಾಡಿ ಯಾಕ ಬಿರುಕು ಬಿಟ್ಟೈತಿ ಮಾಮಾ?"

ಮಾಮಾ ಎದ್ದು ಹೋಗಿ ಗೋಡೆಯ ಬಿರುಕು ಮುಟ್ಟಿ ನೋಡಿದರು. "ಅದಕ್ಕ ಒಂದ ಕೈ ಹೊಡಿಸೀವಿ. ಎರಡನೇ ಕೈ ಬಾಕಿ ಐತಿ."

ನನ್ನ ಶಿಷ್ಯ

ಅಕ್ಕನಿಗೆ ಗುಳಿಗೆ ನುಂಗಿಸಿ ಔಷಧ ಅಂಗಡಿಗೆ ನಡೆದೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತವನು ನನ್ನ ಹಳೇ ವಿದ್ಯಾರ್ಥಿ. ಎದ್ದು ನಿಂತು ಕೈ ಮುಗಿದ.

"ಗುಳಿಗಿ ಯಾಕ ನಿಲ್ಲಿಸಿದೆಲೇ?"

"ನೀವ ಕಲಿಸೀರಲ್ರಿ ಸರ್. ಥೈರಾಯ್ಡಿನಾಗ ಕ್ಯಾಲ್ಸಿಟೋನಿನ್ ಅಂತ ಹಾರ್ಮೋನ್ ಹುಟ್ಟತೈತಿ. ರಕ್ತದಾಗ ಕ್ಯಾಲ್ಸಿಯಂ ಏರಿದ್ರ ಅದು ಎಲುಬು ಕರಗೂದನ್ನ ತಡೀತೈತಿ, ಹೆಚ್ಚಿಗಿ ಇದ್ದದ್ದನ್ನ ಮೂತ್ರದಾಗ ಕಳಸ್ತೈತಿ. ಈಗ ಥೈರಾಯ್ಡೇ ಇಲ್ಲ. ಇಳಸಾವ್ರ ಇಲ್ಲಂದ್ರ ಕ್ಯಾಲ್ಸಿಯಂ ಏರಬೇಕಲ್ರಿ? ಮ್ಯಾಲೆ ಗುಳಿಗಿ ಯಾಕ ಅಂದೆ."

ಪಾಠ ಅಕ್ಷರ ಬಿಡದೆ ನೆನಪಿತ್ತು. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು. ಕ್ಯಾಲ್ಸಿಟೋನಿನ್ನಿನ ಕೆಲಸ ಸಣ್ಣದು, ಅದಿಲ್ಲದೆಯೂ ದೇಹ ಸಂಭಾಳಿಸಿಕೊಳ್ಳುತ್ತದೆ. ಆದರೆ ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡು ಕಾಳಿನಷ್ಟು ಸಣ್ಣ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ಕ್ಯಾಲ್ಸಿಯಂ ಏರಿಸುವವು ಅವು. ಆಪರೇಶನ್ನಿನಲ್ಲಿ ಅವಕ್ಕೆ ಪೆಟ್ಟಾದರೆ ಕ್ಯಾಲ್ಸಿಯಂ ಕುಸಿಯುತ್ತದೆ. ಇಷ್ಟನ್ನೂ ಅಂಗಡಿ ಮುಂದೆ ನಿಂತು ಬೈಗುಳದ ಸಮೇತ ಕಲಿಸಿದೆ.

ಆತ ತಲೆ ತಗ್ಗಿಸಿದ. "ಅದು ಮುಂದಿನ ಪುಟದಾಗ ಇತ್ತ್ರಿ ಸರ್. ಅಷ್ಟರಾಗ ನೀವು ನನ್ನನ್ನ ಕ್ಲಾಸಿನಿಂದ ಹೊರಗ ಹಾಕಿದ್ರಿ."

ರಬ್ಬರ್ ಪಟ್ಟಿ

ಆಗಲೇ ಅಕ್ಕ, ಮಾಮಾ ಇಬ್ಬರನ್ನೂ ಜೀಪಿನಲ್ಲಿ ಗದಗಿಗೆ ಕರೆತಂದೆ. ರಕ್ತ ತಪಾಸಣೆಯ ಅಂಗಡಿಯವನು ಅಕ್ಕನ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, "ಮುಷ್ಟಿ ಬಿಗಿ ಹಿಡೀರಿ ಅಕ್ಕಾರ" ಎಂದು ಹೇಳಿ ಚಹಾ ಕುಡಿಯಲು ಹೋದ.

ಬಂದಮೇಲೆ ಹೇಳಿದೆ: "ಕ್ಯಾಲ್ಸಿಯಂ ನೋಡೂದಿದ್ರ ಇಷ್ಟು ಹೊತ್ತು ಬಿಗೀಬಾರದು. ಲೆಕ್ಕ ಸುಳ್ಳ ಏರತೈತಿ."

"ಬಿಚ್ಚಿದ್ರ ನರ ಸಿಗೂದಿಲ್ರಿ."

ನಾರ್ಮಲ್ ಎಂದು ಚೀಟಿ ಬಂತು. ಮಾಮಾ ಹಿಗ್ಗಿದರು. ನಾನು ಚೀಟಿಯನ್ನು ಮೇಜಿಗೆ ಅಪ್ಪಳಿಸಿ, ಪಟ್ಟಿ ಕಟ್ಟದೆ ಮತ್ತೊಮ್ಮೆ ತೆಗೆಯೆಂದು ಪಟ್ಟು ಹಿಡಿದೆ.

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಬ್ಯಾನಿ ಇಲ್ಲ ಅಂದದ್ದಕ್ಕ ಜಗಳಾ ತಗದವರು ನೀವ ಮೊದಲನೇಯವ್ರು ನೋಡ್ರಿ." ಮತ್ತೆ ತೆಗೆಯಲಿಲ್ಲ.

ಟವೆಲ್

ದವಾಖಾನೆಯ ಎಳೇ ಡಾಕ್ಟರು ಚೀಟಿ ನೋಡಿ, "ಕ್ಯಾಲ್ಸಿಯಂ ಬರೋಬರಿ ಐತಿ. ಮನಸ್ಸಿಗೆ ಹಚ್ಕೊಂಡಾರ, ಆರಾಮ ಮಾಡಲಿ" ಎಂದರು. ಅಕ್ಕನ ಕಣ್ಣಲ್ಲಿ ನೀರು ಬಂತು.

"ಬಿ.ಪಿ. ಪಟ್ಟಿ ಕಟ್ಟಿ, ಗಾಳಿ ತುಂಬಿ, ಮೂರು ನಿಮಿಷ ಹಂಗ ಬಿಡ್ರಿ. ಕ್ಯಾಲ್ಸಿಯಂ ಇಳಿದಿದ್ರ ಕೈ ತಾನ ಸೆಟೀತೈತಿ," ಎಂದೆ.

"ನೀವು ಡಾಕ್ಟರೇನ್ರಿ?"

"ಅಲ್ಲ, ಮೇಷ್ಟ್ರು. ಅದಕ್ಕ ಎದ್ದು ಹೋಗೂದಿಲ್ಲ."

ನನ್ನ ಕಾಟ ತಪ್ಪಿದರೆ ಸಾಕೆಂದು ಕಟ್ಟಿದರು. ಅಕ್ಕ ಅಂಜಿ, ಪಟ್ಟಿ ಕಟ್ಟಿದ ಕೈಯನ್ನೇ ಗಂಡನತ್ತ ಚಾಚಿದಳು. ಮಂದಿ ಎದುರು ಹೆಂಡತಿಯ ಕೈ ಹಿಡಿಯಲು ಮಾಮಾಗೆ ನಾಚಿಕೆ. ಹೆಗಲ ಮೇಲಿನ ಟವೆಲ್ ತೆಗೆದು ಇಬ್ಬರ ಕೈ ಮೇಲೂ ಹೊದಿಸಿದರು. ಪೇಟೆಯಲ್ಲಿ ಅವರು ಮೂವತ್ತು ವರ್ಷ ದರ ಕುದುರಿಸಿದ್ದೇ ಹಾಗೆ, ಬಾಯಿ ಬಿಡದೆ, ಟವೆಲಿನ ಕೆಳಗೆ ಬೆರಳು ಹಿಡಿದು; ಎಷ್ಟು ಬೆರಳೋ ಅಷ್ಟು ದರ.

ಎರಡು ನಿಮಿಷವಾಗಿತ್ತು. ಟವೆಲಿನ ಕೆಳಗೆ ಅಕ್ಕನ ಮಣಿಕಟ್ಟು ಬಾಗಿತು, ಬೆರಳುಗಳೆಲ್ಲ ಒಟ್ಟಾಗಿ ಮಾಮಾನ ಕೈಯಲ್ಲಿ ಸೆಟೆದವು. ಮಾಮಾ ಗಾಬರಿಯಾಗಿ, ಪೇಟೆಯ ಚಟದಿಂದ, "ಇಷ್ಟಕ್ಕ ನನಗ ಪೂರೈಸೂದಿಲ್ಲ" ಎಂದುಬಿಟ್ಟರು.

ಡಾಕ್ಟರು ಟವೆಲ್ ಎತ್ತಿ ನೋಡಿದರು. ಮುಖ ಬಿಳಿಚಿತು. ಪಟ್ಟಿ ಬಿಚ್ಚಿ, ತಾವೇ ಓಡಿ ಕ್ಯಾಲ್ಸಿಯಂ ಇಂಜೆಕ್ಷನ್ ತಂದು ನಿಧಾನಕ್ಕೆ ನರಕ್ಕೆ ಕೊಟ್ಟರು. ತುಟಿಯ ಜುಮುಜುಮು ನಿಂತಿತು. ಬೆರಳು ಒಂದೊಂದಾಗಿ ಸಡಿಲಾದವು.

"ಇನ್ನ ಮ್ಯಾಲೆ ದಿನಾ ಮೂರು ಗುಳಿಗಿ," ಎಂದರು ಡಾಕ್ಟರು, ನನ್ನ ಮುಖ ನೋಡದೆ.

ಅಕ್ಕ ಮಾಮಾನ ಕೈ ಮತ್ತೆ ಟವೆಲಿನ ಕೆಳಗೆ ಎಳೆದುಕೊಂಡು, ಅವರ ಮೂರು ಬೆರಳು ಗಟ್ಟಿಯಾಗಿ ಒತ್ತಿದಳು. ಅದು ಟವೆಲಿನ ಮೇಲಿಂದಲೇ ನನಗೂ ಕಂಡಿತು.

ಮಾಮಾ ಕಣ್ಣು ಮುಚ್ಚಿ ಯೋಚಿಸಿದರು.

"ಎರಡೂವರಿ," ಎಂದರು.