ಪರಮಾನಂದ ನಡೆದು ಹೊರಟದ್ದು

ಜಮಖಂಡಿಯ ಹಳೇ ಓಣಿಯಲ್ಲಿದ್ದಷ್ಟು ದಿನ ಪರಮಾನಂದನಿಗೆ ತನಗೊಂದು ಹೊಟ್ಟೆಯಿದೆ ಎಂಬುದು ಹಸಿದಾಗ ಮಾತ್ರ ಗೊತ್ತಾಗುತ್ತಿತ್ತು. ಮುಧೋಳ ರಸ್ತೆಯ ಹೊಸ ಬಡಾವಣೆಗೆ ಬಂದ ಮೇಲೆ ಅದು ಅಂಗಿಯ ಗುಂಡಿಗಳ ಮೇಲೆ ದಂಡೆತ್ತಿ ಬಂತು. ಓಣಿಯೊಳಗೆ ಗಾಡಿ ನುಗ್ಗುತ್ತಿರಲಿಲ್ಲ. ಹಾಲು, ಕಾಯಿಪಲ್ಯ, ಬಸ್ ಸ್ಟ್ಯಾಂಡು ಎಲ್ಲಕ್ಕೂ ಕಾಲೇ ಗತಿ. ಇಲ್ಲಿ ಅಗಲವಾದ ಡಾಂಬರು ರಸ್ತೆ ಇದೆ, ಆದರೆ ಕರಿಬೇವು ಬೇಕೆಂದರೂ ಸ್ಕೂಟಿ ಹೊರಗೆ ತೆಗೆಯಬೇಕು. (ಬಡಾವಣೆಯ ನಕ್ಷೆಯಲ್ಲಿ ಉದ್ಯಾನವನವಿತ್ತು, ಕಾರಂಜಿಯಿತ್ತು, ಅಂಗಡಿಯನ್ನು ಮಾತ್ರ ಯಾರೂ ನೆನೆಸಿರಲಿಲ್ಲ.)

"ಇಂಥಾ ರಸ್ತಾ ಇಟಗೊಂಡು ನಡಿಲಾರದಾಂವ ಮನಶ್ಯಾನ ಅಲ್ಲ," ಎಂದು ಒಂದು ಭಾನುವಾರ ಘೋಷಿಸಿದ. "ನಾಳಿಂದ ಆಫೀಸಿಗೆ ನಡದ ಹೋಗತೇನಿ. ವಾರದಾಗ ಒಂದ ಸಲ ಗಾಡಿ ಹತ್ತಿದರ ಸ್ಕೂಟಿ ನಿಂದು!"

ಹೆಂಡತಿ ಸುವರ್ಣಾಳ ಕಿವಿ ನಿಮಿರಿತು. ಲೈಸೆನ್ಸ್ ತೆಗೆಸಿದ್ದರೂ ಹೊಲಿಗೆ ಕ್ಲಾಸಿಗೆ ಹೋಗಲು ಅವಳಿಗೆ ಸ್ಕೂಟಿಯ ಕೀಲಿ ಸಿಕ್ಕಿರಲಿಲ್ಲ.

"ಖರೇನ್ರಿ?"

"ಗಂಡಸಿನ ಮಾತು!"

"ಅದಕ್ಕ ಇನ್ನೊಮ್ಮಿ ಕೇಳಿದೆ."

ಸೋಮವಾರ ಮನೆಯಿಂದ ಸ್ವಲ್ಪ ದೂರ ಹೋಗಿದ್ದನಷ್ಟೆ, ಪಕ್ಕದಲ್ಲಿ ಬೈಕು ನಿಂತಿತು. ಎದುರುಮನೆಯ ಶಂಕರೆಪ್ಪ, ದೊಡ್ಡ ಕಬ್ಬಿನ ಹೊಲದ ಧಣಿ. ಆ ಬಡಾವಣೆಯಲ್ಲಿ ನಡೆಯುವವನೆಂದರೆ ಗಾಡಿ ಕೆಟ್ಟವನು, ಇಲ್ಲವೇ ಮನೆಯಲ್ಲಿ ಜಗಳಾಡಿ ಹೊರಬಿದ್ದವನು. ಅಂಥವನನ್ನು ಹತ್ತಿಸಿಕೊಳ್ಳದೆ ಹೋಗುವುದು ಅಲ್ಲಿ ಯಾರಿಗೂ ಆಗದ ಮಾತು.

"ಹತ್ರಿ ಸಾಹೇಬ್ರ."

"ಬ್ಯಾಡ್ರಿ ಕಾಕಾ, ನಡಕೋತ ಹೊಂಟೇನಿ."

"ಅದ ಕಾಣಾಕತ್ತೈತಲ್ರಿ, ಹತ್ರಿ!"

"ನಡಿಬೇಕಂತನ ನಡಿಯಾಕತ್ತೇನ್ರಿ."

ಶಂಕರೆಪ್ಪನ ಮುಖ ಸಣ್ಣದಾಯಿತು. "ನಮ್ಮ ಗಾಡಿ ಮ್ಯಾಲ ಕುಂತ್ರ ನಿಮ್ಮ ಕಿಮ್ಮತ್ತ ಕಡಿಮಿ ಅಕ್ಕೈತೇನ್ರಿ?"

ಅಷ್ಟರಲ್ಲಿ ಹಿಂದೆ ಇನ್ನೆರಡು ಬೈಕು, ಒಂದು ಟ್ರ್ಯಾಕ್ಟರು ಬಂದು ನಿಂತವು. ಹತ್ತಿದರೆ ಸ್ಕೂಟಿ ಹೋಗುತ್ತದೆ, ಹತ್ತದಿದ್ದರೆ ನೆರೆಮನೆಯ ಸ್ನೇಹ ಹೋಗುತ್ತದೆ. ಪರಮಾನಂದನ ಫಲವತ್ತಾದ ತಲೆ ಕೂಡಲೇ ಕೆಲಸ ಮಾಡಿತು.

"ಹಂಗಲ್ರಿ ಕಾಕಾ... ನನಗ ಗಾಡಿ ಮ್ಯಾಲ ಕುಂಡ್ರಾಕ ಬರಾಂಗಿಲ್ಲ. ಸ್ವಲ್ಪ ತ್ರಾಸ ಐತಿ."

ಶಂಕರೆಪ್ಪನ ನೋಟ ಅವನ ತಲೆಯಿಂದ ಇಳಿಯುತ್ತ ಸೊಂಟದ ಕೆಳಗೆ ಒಂದೆಡೆ ತಡೆದು ನಿಂತಿತು. "ತಿಳೀತ್ ಬಿಡ್ರಿ," ಎಂದ ಮೆಲ್ಲಗೆ. ಟ್ರ್ಯಾಕ್ಟರಿನವನೂ ಹಾಡು ಬಂದ್ ಮಾಡಿದ.

ಆಮೇಲೆ ಯಾರೂ ಅವನನ್ನು ತಡೆಯಲಿಲ್ಲ. ಎದೆಯುಬ್ಬಿಸಿ ನಡೆದೇ ಆಫೀಸು ಮುಟ್ಟಿದ, ಸಂಜೆ ನಡೆದೇ ಮರಳಿದ. ಮನೆಯ ಬಾಗಿಲಲ್ಲಿ ಚಪ್ಪಲಿಗಳ ಸಾಲು! ಒಳಗೆ ಶಂಕರೆಪ್ಪನ ಹೆಂಡತಿ ಶಿವವ್ವ ಒಂದು ಗಡಿಗೆ ಮಜ್ಜಿಗೆ ಹಿಡಿದು ಕೂತಿದ್ದಳು. ಮತ್ತೊಬ್ಬಳು ನಟ್ಟನಡುವೆ ತೂತಿರುವ ದಿಂಬು ತಂದಿದ್ದಳು.

"ಮೂಲವ್ಯಾಧಿಗೆ ಮಹಾಲಿಂಗಪುರದಾಗ ಭಾರಿ ಔಷಧ ಕೊಡತಾರಂತ. ನಾಚಬ್ಯಾಡ್ರಿ," ಎಂದಳು ಶಿವವ್ವ.

ಎಲ್ಲರೂ ಹೋದ ಮೇಲೆ ಸುವರ್ಣಾ ಬಾಯಿಗೆ ಸೆರಗು ಒತ್ತಿಕೊಂಡಳು. "ಹೇಣ್ತಿ ಮುಂದ ಒಂದ ಮಾತ ಹೇಳಬಾರದೇನ್ರಿ?"

"ನನಗ ಯಾವ ವ್ಯಾಧಿನೂ ಇಲ್ಲ! ಗಾಡಿ ಹತ್ತಬಾರದಂತ ಸುಳ್ಳ ಹೇಳೇನಿ. ಪಂದ್ಯ ಗೆಲ್ಲಾವ ನಾನ!"

"ಗೆದ್ರಿ. ವಾರ ಯಾಕ ಕಾಯೂದು, ಈಗ ಗೆದ್ರಿ," ಎನ್ನುತ್ತ ಅವಳು ಗೋಡೆಯ ಮೊಳೆಯಿಂದ ಸ್ಕೂಟಿಯ ಕೀಲಿ ತೆಗೆದು ಸೆರಗಿಗೆ ಕಟ್ಟಿಕೊಂಡಳು. "ಆದ್ರ ಇನ್ನ ನೀವು ಸ್ಕೂಟಿ ಮ್ಯಾಲ ಕುಂತದ್ದ ಶಂಕರೆಪ್ಪ ಕಾಕಾ ನೋಡಿದ್ರ? ತನ್ನ ಗಾಡಿ ಒಂದ ಬ್ಯಾಡಾತು ಅಂತ ತಿಳಕೊಳ್ಳಾಂಗಿಲ್ಲೇನು?"

ಪರಮಾನಂದ ತೂತಿನ ದಿಂಬನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದ.

ಮರುದಿನ ಬೆಳಿಗ್ಗೆ ಸುವರ್ಣಾ ಶಿವವ್ವನನ್ನು ಹಿಂದೆ ಕೂಡಿಸಿಕೊಂಡು ಹಾರ್ನ್ ಹೊಡೆಯುತ್ತ ಗಂಡನನ್ನು ದಾಟಿ ಹೋದಳು. ಹಿಂದೆಯೇ ಬಂದ ಶಂಕರೆಪ್ಪ ಬೈಕಿನಿಂದ ಇಳಿದು, ಅದನ್ನು ದೂಡುತ್ತ ಪಕ್ಕದಲ್ಲೇ ನಡೆಯತೊಡಗಿದ.

"ನೀವು ಇಷ್ಟ ತ್ರಾಸದಾಗ ನಡಿಯಾಕತ್ತಾಗ ನಾ ಹೆಂಗ ಕುಂತ ಹೋಗ್ಲಿ ಸಾಹೇಬ್ರ?" ಎಂದ. ಬಳಿಕ, ಹೊಲದಲ್ಲಿ ಆಳುಗಳನ್ನು ಕರೆದು ರೂಢಿಯಾದ ಆ ದನಿಯಲ್ಲಿ, ಬಡಾವಣೆಯ ಎರಡೂ ಸಾಲಿನ ಮನೆಗಳಿಗೆ ಕೇಳಿಸುವಂತೆ ಶುರು ಮಾಡಿದ: "ನಮ್ಮ ತಮ್ಮಗೂ ಮೊದಲ ನಿಮ್ಮಂಗ ಆಗಿತ್ರಿ..."