ಮೋಟಾರಿನ ನಾಮಕರಣ

ಬಹಳ ಹಿಂದೆ, ಕರೆಂಟು ಬಂದಿದ್ದರೂ ಬುದ್ಧಿ ಬಾರದಿದ್ದ ಕಾಲದಲ್ಲಿ, ಶಬ್ದಗಿರಿ ಎಂಬ ಒಂದು ರಾಜ್ಯವಿತ್ತು. ವಾಗಾಡಂಬರ ಮಹಾರಾಜರು ಆಳುತ್ತಿದ್ದರು, ಮಂತ್ರಿ ಹೌದಪ್ಪ ತಲೆಯಾಡಿಸುತ್ತಿದ್ದ.

ಕೆಳಗೇರಿಯ ಹೆಂಗಸರು ಆಳದ ಬಾವಿಯಿಂದ ನೀರು ಸೇದಿ ಸೇದಿ ಸೋತು, ಅಂತೂ ಇಂತೂ ಒಂದು ಮೋಟಾರು ತರಿಸಿಕೊಂಡರು. ಸ್ವಿಚ್ಚು ಒತ್ತುವುದೊಂದೇ ಬಾಕಿ. ಉದ್ಘಾಟನೆಗೆ ಸಿಂಹಾಸನಸಮೇತ ಚಿತ್ತೈಸಿದ ಮಹಾರಾಜರಿಗೆ ಇದ್ದಕ್ಕಿದ್ದಂತೆ ಜ್ಞಾನದಾಹವಾಯಿತು.

"ಮೋಟಾರು ಎಂಬ ಪದದ ಮೂಲಾರ್ಥವೇನು?"

ಆಸ್ಥಾನದ ನಿರುಕ್ತಶಾಸ್ತ್ರಿಗಳು, ಪಾಪ, ನಿಜ ಹೇಳಿಬಿಟ್ಟರು. "ಪಡುವಣದ ಪ್ರಾಚೀನ ಭಾಷೆಯದು, ಪ್ರಭು. ಕದಲಿಸುವವನು ಎಂದರ್ಥ."

ಮಹಾರಾಜರು ಸಿಂಹಾಸನದ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡರು. "ಏನನ್ನು ಕದಲಿಸುವವನು?"

"ಅದನ್ನು ಪದ ಹೇಳುವುದಿಲ್ಲ, ಪ್ರಭು."

"ಹೇಳದಿರುವುದೇ ಅಪಾಯ!" ಎಂದ ಹೌದಪ್ಪ.

ಪದ ನಿಷೇಧವಾಯಿತು. ಹೊಸ ಹೆಸರಿಡುವ ತನಕ ಯಂತ್ರ ಚಾಲೂ ಮಾಡಕೂಡದೆಂದು ಆಜ್ಞೆಯಾಯಿತು. ಸ್ವಿಚ್ಚು ಮಾತ್ರ ಪಾರಾಯಿತು. ಅದರ ಹಳೆಯ ಅರ್ಥ ಕುದುರೆಗೆ ಬಾರಿಸುವ ಬೆತ್ತ ಎಂದು ಕೇಳಿ ಮಹಾರಾಜರು ಪರಮಸಂತುಷ್ಟರಾದರು.

ಕೆಳಗೇರಿಯ ದ್ಯಾಮವ್ವ ಕೈ ಮುಗಿದಳು. "ಎಪ್ಪಾ, ಹೆಸರು ಏನರೆ ಇಡ್ರಿ, ಮೊದಲ ನೀರು ಬರ್ಲಿ. ಸೇದಿ ಸೇದಿ ರಟ್ಟಿ ಬಿದ್ದು ಹೋಗ್ಯಾವ್ರಿ."

"ಹೆಸರಿಲ್ಲದ ಯಂತ್ರದ ನೀರು ಕುಡಿಯುತ್ತೀಯಾ, ಅವಿವೇಕಿ!" ಎಂದು ಹೌದಪ್ಪ ಗದರಿದ.

ಪರಿಭಾಷಾ ಸಮಿತಿ ಕೂತಿತು, ಉಪಸಮಿತಿ ಹೆತ್ತಿತು. ವರ್ಷದ ಮೇಲೆ 'ಅಚಲಸಿಂಹಾಸನ ಪಾತಾಳಜಲೋದ್ಧಾರಕ' ಎಂಬ ಹೆಸರು ಸಿದ್ಧವಾಯಿತು. ಮೋಟಾರನ್ನು ತೊಟ್ಟಿಲಲ್ಲಿ ಮಲಗಿಸಿದರು. ಸೋದರತ್ತೆಯ ಜಾಗದಲ್ಲಿ ಮಹಾರಾಜರೇ ನಿಂತು, ಕೂಸಿನ ಕಿವಿಯಲ್ಲಿ ಅನ್ನುವಂತೆಯೇ ಪೈಪಿನ ಬಾಯಲ್ಲಿ 'ಕುರ್ರ್' ಎಂದು ಹೆಸರು ಉಸುರಿದರು. ಹೆಸರಿಟ್ಟ ಅತ್ತೆಯ ಬೆನ್ನಿಗೆ ಹೆಂಗಸರು ಗುದ್ದುವುದು ಆ ಕಡೆಯ ಪದ್ಧತಿ. ವರ್ಷದ ಸಿಟ್ಟನ್ನು ಮುಷ್ಟಿಯಲ್ಲಿ ಹಿಡಿದು ದ್ಯಾಮವ್ವ ಸೆರಗು ಸಿಕ್ಕಿಸಿದಳು.

"ರಾಜಬೆನ್ನು ಸರ್ಕಾರಿ ಆಸ್ತಿ!" ಹೌದಪ್ಪ ಅಡ್ಡ ಬಂದ. "ಗುದ್ದುಗಳನ್ನು ಸಾರ್ವಜನಿಕ ಸಹಭಾಗಿತ್ವದಲ್ಲಿ ಪ್ರಜೆಗಳೇ ಸ್ವೀಕರಿಸತಕ್ಕದ್ದು."

ಕಾವಲುಗಾರರು ಬಹಳ ನಿಷ್ಠೆಯಿಂದ ಗುದ್ದಿದರು.

"ಆತಲ್ರಿ, ಇನ್ನರೆ ಚಾಲೂ ಮಾಡ್ರಿ," ಎಂದಳು ದ್ಯಾಮವ್ವ, ಬೆನ್ನು ಸವರಿಕೊಳ್ಳುತ್ತ.

"ಈಗಷ್ಟೇ ಹೆಸರಿಟ್ಟ ಕೂಸನ್ನು ದುಡಿಸುವುದೆ?" ಹೌದಪ್ಪ ಕಿವಿ ಮುಚ್ಚಿಕೊಂಡ. "ಬಾಲಕಾರ್ಮಿಕ ಕಾಯ್ದೆ ಗೊತ್ತಿಲ್ಲವೆ? ಹದಿನೆಂಟು ತುಂಬಲಿ, ನೋಡೋಣ."

ಅಂದೇ ಮಹಾರಾಜರಿಗೆ 'ಪದಬ್ರಹ್ಮ' ಬಿರುದು ಸಂದಿತು. ಇಲ್ಲಿಯವರೆಗೆ ನಾನೂ ನಗುತ್ತಲೇ ಹೇಳಿದೆ, ಇನ್ನು ಮುಂದೆ ಹೊಟ್ಟೆ ಉರಿಯುತ್ತದೆ. ದ್ಯಾಮವ್ವ ಮತ್ತೆ ಬಾವಿಕಟ್ಟೆಗೆ ಹೋಗಿ ಹಗ್ಗ ಹಿಡಿದಳು. ತೊಟ್ಟಿಲ ಕೂಸಿಗೆ ದಿನವೂ ಎರಡು ಹೊತ್ತು ನೀರು ಎರೆಯಬೇಕೆಂದು ಅಪ್ಪಣೆಯಾಗಿತ್ತು.