ಬಾಯಮ್ಮನ ಮಲ್ಲಿಗೆ ಕದ್ದ ಬ್ಯಾಂಡು

ಶಂಕರಪುರದ ವೆರೊನಿಕಾ ಬಾಯಿಯ ಹೂವಿನ ಲೆಕ್ಕ ತಪ್ಪಬೇಕಾದರೆ ಮೊದಲು ಸೂರ್ಯ ಕಾಪುವಿನ ಕಡಲಿನಿಂದ ಹುಟ್ಟಿ ಬರಬೇಕು! ಹೀಗೆಂದು ಊರಿನವರು ಹೇಳುತ್ತಿರಲಿಲ್ಲ. ಊರಿನವರಿಗೆ ಹೇಳಲು ಪುರುಸೊತ್ತು ಕೊಡದೆ ಬಾಯಮ್ಮನೇ ಹೇಳುತ್ತಿದ್ದರು.

ಹೇಳಿಕೊಳ್ಳಲು ಕಾರಣವೂ ಇತ್ತು. ಎಪ್ಪತ್ತೆರಡು ವರ್ಷದ ಬಾಯಮ್ಮನಿಗೆ ಓದು ಎಂದರೆ ಇಗರ್ಜಿಯ ಗೋಡೆಯ ದೊಡ್ಡ ಅಕ್ಷರ, ಬರಹ ಎಂದರೆ ಸ್ವಂತ ಹೆಸರು. ಆದರೆ ನಲವತ್ತಾರು ವರ್ಷ ಮಲ್ಲಿಗೆ ಕಟ್ಟಿದ ಕೈ ಅದು. ಒಂದು ಚೆಂಡಿಗೆ ಎಂಟುನೂರು ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಇದು ಶಂಕರಪುರದ ಕಟ್ಟಳೆ. ಬೇರೆ ಹೆಂಗಸರು ಒಂದು, ಎರಡು ಎಂದು ಎಣಿಸಿ ಎಣಿಸಿ ಸುಸ್ತಾಗುತ್ತಾರೆ. ಬಾಯಮ್ಮ ಎಣಿಸುವುದೇ ಇಲ್ಲ, ಜಪ ಮಾಡುತ್ತಾರೆ! ಬಾಳೆನಾರಿನ ಒಂದು ಗಂಟಿಗೆ ನಾಲ್ಕು ಮೊಗ್ಗು. ಒಂದು ‘ನಮಾನ್ ಮರಿಯೆ’ ಜಪ ಹೇಳಿ ಮುಗಿಸುವಷ್ಟರಲ್ಲಿ ನಾಲ್ಕು ಗಂಟು. ಜಪಸರದ ಐವತ್ತು ಮಣಿ ಮುಗಿದರೆ ಇನ್ನೂರು ಗಂಟು, ಎಂಟುನೂರು ಹೂ. ಅಲ್ಲಿಗೆ ಆಮೆನ್, ನಾರು ಕತ್ತರಿಸುವುದು. ಜಪ ಸ್ವರ್ಗಕ್ಕೆ, ಚೆಂಡು ಉಡುಪಿಗೆ.

ಹೂ ಒಯ್ಯಲು ದಿನಾ ಸ್ಕೂಟರಿನಲ್ಲಿ ಬರುವ ಭೋಜ ಉಳಿದವರ ಚೆಂಡನ್ನು ಬೆರಳಿನಲ್ಲಿ ಒತ್ತಿ ನೋಡುತ್ತಿದ್ದ. ಬಾಯಮ್ಮನದನ್ನು ಮುಟ್ಟಿಯೂ ನೋಡುತ್ತಿರಲಿಲ್ಲ. “ಬಾಯಮ್ಮನ ಚೆಂಡಿಗೆ ಪರೀಕ್ಷೆ ಎಂತ?” ಎನ್ನುತ್ತಿದ್ದ. ಈ ಒಂದು ಮಾತಿಗಾಗಿ ಬಾಯಮ್ಮ ಜ್ವರ ಬಂದ ದಿನವೂ ಹೂ ಕಟ್ಟಿದ್ದುಂಟು.

ಇಂಥ ಮನೆಗೆ ಮೊಮ್ಮಗಳು ಸ್ಯಾಂಡ್ರಾ ಒಂದು ಬ್ಯಾಂಡನ್ನು ಕರೆದುಕೊಂಡು ಬಂದಳು.

“ಮಾಯ್,” ಎಂದಳು. ಅಜ್ಜಿಯನ್ನು ಅವಳು ಕರೆಯುವುದು ಹಾಗೆಯೇ. “ಕಾಲೇಜಿಗೆ ರಜೆ ಉಂಟು. ಆಲ್ಬಂ ರೆಕಾರ್ಡಿಂಗ್ ಮಾಡ್ಲಿಕ್ಕೆ ನಮ್ಮ ಹಳೆ ಕೊಟ್ಟಿಗೆ ಬೇಕಿತ್ತು. ಎಂಟು ಹಾಡು, ಎರಡು ವಾರ.”

“ಎಂತ ಹಾಡು?”

“ದೇವರದ್ದೇ.”

“ಇಗರ್ಜಿಯಲ್ಲಿ ಹಾಡುವಂಥದ್ದಾ?”

“ಹೌದು ಮಾಯ್… ಸ್ವಲ್ಪ ಜೋರು.”

ಆ ‘ಸ್ವಲ್ಪ’ ಎಂಬ ಮಾತಿಗೆ ಸ್ಯಾಂಡ್ರಾ ಪಾಪನಿವೇದನೆ ಮಾಡಬೇಕಿತ್ತು! ಬ್ಯಾಂಡಿನ ಹೆಸರು ‘ಉಪ್ಪಿನ ಕಂಬ’. ಹಿಂದೆ ತಿರುಗಿ ನೋಡಬೇಡ ಎಂದು ದೇವರು ಹೇಳಿದರೂ ನೋಡಿ, ನಿಂತಲ್ಲೇ ಉಪ್ಪಾದ ಬೈಬಲಿನ ಹೆಂಗಸಿನ ನೆನಪಿಗೆ ಇಟ್ಟದ್ದಂತೆ. ಇದ್ದದ್ದು ಮೂವರೇ. ಕುಕ್ಕುಂದೂರಿನ ವಲೇರಿಯನ್, ಅಜ್ಜನ ಕಾಲದ ಹೆಸರು, ಹೆಗಲ ಮೇಲೆ ಕೂದಲು, ಕೈಯಲ್ಲಿ ಗಿಟಾರು. ಸಂಜೆಯ ನಂತರ ಮಣಿಪಾಲದ ಹೋಟೆಲೊಂದರಲ್ಲಿ ಕೆಲಸ, ಆದ್ದರಿಂದ ಇಲ್ಲಿ ಬೆಳಿಗ್ಗೆಯೇ ಗಲಾಟೆ. ಕಾಪುವಿನ ಜೋನ್, ಮುಷ್ಟಿಯಷ್ಟು ಹುಡುಗಿ, ಡ್ರಮ್ಮಿನ ಹಿಂದೆ ಕೂತರೆ ಕಾಣುವುದೇ ಇಲ್ಲ; ಮಾತನ್ನೆಲ್ಲ ಎರಡು ಕೋಲಿನಲ್ಲೇ ಮುಗಿಸುವವಳು. ಹಾಡುವವಳು ಸ್ಯಾಂಡ್ರಾ. ಮೂವರಿಗೂ ಕಪ್ಪು ಅಂಗಿ.

ಮೊದಲ ದಿನ ಬೆಳಿಗ್ಗೆ ಏಳೂವರೆಗೆ ಅವರು ಶುರು ಮಾಡಿದಾಗ ಹಲಸಿನ ಮರದ ಕಾಗೆಗಳೆಲ್ಲ ಒಟ್ಟಿಗೆ ಎದ್ದು ಕಟಪಾಡಿಯ ಕಡೆ ಹೋದವು. ಮತ್ತೆ ಬರಲಿಲ್ಲ. ಪೂಜೆಯಲ್ಲಿ ಜೇನಿನ ಹಾಗೆ ಹಾಡುತ್ತಿದ್ದ ಸ್ಯಾಂಡ್ರಾಳ ಗಂಟಲಿನಿಂದ, ಘಾಟಿ ಹತ್ತುವ ಹಳೆ ಬಸ್ಸಿನ ಸ್ವರ ಬಂತು. ಜೋನ್‌ಗೆ ಎರಡು ಕೈ, ಎರಡು ಕಾಲು. ನಾಲ್ಕಕ್ಕೂ ಪುರುಸೊತ್ತಿಲ್ಲದ ಕೆಲಸ. ಜಗಲಿಯಲ್ಲಿ ಹೂ ಕಟ್ಟುತ್ತಿದ್ದ ಬಾಯಮ್ಮ ಶಿಲುಬೆಯ ಗುರುತು ಹಾಕಿಕೊಂಡು ಜಪವನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿದರು.

ಅದೇ ದಿನ ಸೂರ್ಯ ಕಡಲಿನಿಂದ ಹುಟ್ಟಿದ!

ಬಾಯಮ್ಮನ ಬಳಿ ಒಂದು ಬೆತ್ತದ ಬುಟ್ಟಿ. ಅಂಚಿನವರೆಗೆ ತುಂಬಿದರೆ ಒಂದು ಅಟ್ಟೆ, ಅಂದರೆ ನಾಲ್ಕು ಚೆಂಡು. ನಲವತ್ತಾರು ವರ್ಷದಲ್ಲಿ ಬದಲಾದದ್ದಿಲ್ಲ. ಅವತ್ತು ಬುಟ್ಟಿ ಅಂಚಿನವರೆಗೇ ಇತ್ತು. ಚೆಂಡು ಮಾತ್ರ ಮೂರೇ ಆಯಿತು! ಬುಟ್ಟಿಯ ತಳದಲ್ಲಿ ಉಳಿದದ್ದು ಇನ್ನೂರು ಹೂ. ಬಾಕಿ ಆರುನೂರು ಎಲ್ಲಿ ಹೋಯಿತು? ಮರುದಿನವೂ ಅಷ್ಟೇ. ಮೂರನೆಯ ದಿನವೂ ಅಷ್ಟೇ. ಅದರ ಮೇಲೆ ಚೆಂಡು ಸುತ್ತಲು ಬಾಳೆಎಲೆ ಸಾಲದೆ ಬಂತು. “ಈಗಿನ ಬಾಳೆಗೆ ಎಲೆ ಬಿಡ್ಲಿಕ್ಕೂ ಉದಾಸೀನ!” ಎಂದು ಬಾಯಮ್ಮ ಗಿಡಕ್ಕೇ ಬೈದರು.

ಬೇಲಿಯಾಚೆಯ ಸುಂದರಿ, ಅವಳೂ ಹೂ ಕಟ್ಟುವವಳೇ, ಸುದ್ದಿ ಕೇಳಿ ಬೇಲಿಗೆ ಗದ್ದ ಊರಿದಳು.

“ಬಾಯಮ್ಮ, ಹೇಳ್ತೇನೆ ಅಂತ ಬೇಜಾರು ಮಾಡ್ಬೇಡಿ. ಕಪ್ಪು ಅಂಗಿಯವರು ಬಿಳಿ ಹೂ ಕಂಡರೆ ಬಿಡುವುದಿಲ್ಲ.”

“ಹಾಗಂತ ಯಾರು ಹೇಳಿದ್ದು?”

“ಯಾರೂ ಹೇಳ್ಲಿಲ್ಲ. ನನಗೇ ಈಗ ಅನಿಸಿತು.”

ಸಂಶಯಕ್ಕೆ ಅಷ್ಟು ಗೊಬ್ಬರ ಸಾಕು. ಬಾಯಮ್ಮ ಸೊಂಟಕ್ಕೆ ಸೆರಗು ಬಿಗಿದರು. ಮೂವರಲ್ಲಿ ಒಬ್ಬರು ಕಳ್ಳರು. ಹಿಡಿಯದಿದ್ದರೆ ತನ್ನ ಹೆಸರು ವೆರೊನಿಕಾ ಅಲ್ಲ! ವಲೇರಿಯನ್‌ನ ಕೂದಲಿನಲ್ಲಿ ಎಷ್ಟು ಹೂ ಅಡಗಿಸಬಹುದು ಎಂದು ದೂರದಿಂದಲೇ ಅಂದಾಜು ಮಾಡಿದರು. ಜೋನ್ ಹತ್ತಿರ ಬಂದಾಗಲೆಲ್ಲ ಮೂಗು ಅರಳಿಸಿ ಮೂಸಿದರು. ಆ ಹುಡುಗಿ ನಾಚಿ, ಮರುದಿನದಿಂದ ಎರಡು ಸಲ ಸ್ನಾನ ಮಾಡಿ ಬರತೊಡಗಿತು. ರಾತ್ರಿ ಊಟಕ್ಕೆ ಕೂತಾಗ ಸ್ವಂತ ಮೊಮ್ಮಗಳ ಬೆರಳಿಗೆ ಮೊಗ್ಗಿನ ಪರಿಮಳ ಉಂಟಾ ಎಂದು ನೋಡಲು ಹೋಗಿ ಮೀನುಸಾರಿನ ಪರಿಮಳ ಹಿಡಿದರು.

ಹನ್ನೊಂದನೆಯ ದಿನ ಮಧ್ಯಾಹ್ನ, ಯಾವುದೋ ವಯರು ತರಲು ಮೂವರೂ ಉಡುಪಿಗೆ ಹೋದರು. ಬಾಯಮ್ಮ ನಾರು ಕತ್ತರಿಸುವ ಚೂರಿ ಹಿಡಿದು ಕೊಟ್ಟಿಗೆಯೊಳಗೆ ನುಗ್ಗಿದರು. ಒಳಗೆ ಗೋಡೆ ತುಂಬ ಗೋಣಿ, ಮೂಲೆಯಲ್ಲಿ ಆರಿಸಲು ಮರೆತ ಆಳೆತ್ತರದ ಫ್ಯಾನು. ಗಿಟಾರಿನ ಪೆಟ್ಟಿಗೆ ಬಗ್ಗಿಸಿ ನೋಡಿದರು, ಇಲ್ಲ. ಸ್ಪೀಕರಿನ ಹಿಂದೆ ನೋಡಿದರು, ಜೇಡ. ಕೊನೆಗೆ ನೆಲದ ಮೇಲಿನ ದೊಡ್ಡ ಡ್ರಮ್. ಅದರ ಎದುರಿನ ಚರ್ಮದಲ್ಲಿ ಒಂದು ತೂತು! ಕೈ ಹಾಕಿದರು. ಮೆತ್ತಗೆ ಏನೋ ಸಿಕ್ಕಿತು!

“ಸಿಕ್ಕಿಬಿದ್ದಿರಾ!” ಎಂದು ಎಳೆದರೆ, ಬಂದದ್ದು ನೀಲಿ ಚೌಕುಳಿಯ ದಿಂಬು. ತಾನೇ ಹೊಲಿದದ್ದು. ತೀರಿಕೊಂಡ ಗಂಡ ಬೊನಿಫಾಸ್ ತಲೆ ಇಡುತ್ತಿದ್ದ ದಿಂಬು! ಹಾಸಿಗೆ ರಿಪೇರಿಯವನು ಕದ್ದ ಎಂದು ಐದು ವರ್ಷದಿಂದ ಅವನಿಗೆ ಶಾಪ ಹಾಕುತ್ತಿದ್ದರು; ಪಾಪ, ಅವನ ಸೊಂಟನೋವಿಗೆ ಇದೇ ಕಾರಣವೋ ಏನೋ. ಈಗ ಬಾಯಮ್ಮನ ತರ್ಕ ಕುದುರೆ ಏರಿತು. ದಿಂಬು ಕದ್ದವರು ಹೂ ಬಿಟ್ಟಾರೆಯೇ? ಕೈಯಲ್ಲಿ ತೂಗಿದರು. ಭಾರ ಹೆಚ್ಚೇ ಅನಿಸಿತು. ಆರುನೂರು ಹೂವಿನಷ್ಟು ಹೆಚ್ಚು! ಚೂರಿಯಿಂದ ಸರ್ರನೆ ಸೀಳಿದರು.

ಒಳಗಿದ್ದದ್ದು ಬೂರುಗದ ಹತ್ತಿ. ಎದುರಿಗಿದ್ದದ್ದು ತಿರುಗುವ ಫ್ಯಾನು. ಮುಂದಿನದನ್ನು ಹೇಳಬೇಕೇ? ಗಿಟಾರು ಬಿಳಿ, ಡ್ರಮ್ ಬಿಳಿ, ಗೋಣಿ ಬಿಳಿ. ನಡುವೆ ಚೂರಿ ಹಿಡಿದ ಬಾಯಮ್ಮನ ಹುಬ್ಬು, ರೆಪ್ಪೆ, ಮೂಗಿನ ತುದಿ ಎಲ್ಲ ಬಿಳಿ! ಬಾಗಿಲು ತೆರೆದು ಬಂದ ಮೂವರಿಗೂ ನಿಜವಾದ ಉಪ್ಪಿನ ಕಂಬವೇ ದರ್ಶನ ಕೊಟ್ಟಿತು.

“ಮಾಯ್! ಎಂತ ಮಾಡಿದ್ದು?”

“ನೀನು ಎಂತ ಮಾಡಿದ್ದು ಮೊದಲು ಹೇಳು. ಅಜ್ಜನ ದಿಂಬನ್ನು ಡೋಲಿನ ಹೊಟ್ಟೆಗೆ ತುರುಕಿದ್ದು ಯಾಕೆ?”

“ಇಲ್ಲದಿದ್ದರೆ ಸ್ವರ ಗುಂಯ್ ಅಂತ ಎಳೀತದೆ. ದಿಂಬಿಟ್ಟರೆ ಢಪ್ ಅಂತ ನಿಲ್ತದೆ. ಎಲ್ಲರೂ ಇಡ್ತಾರೆ.”

“ಎಲ್ಲರೂ ಸತ್ತವರ ದಿಂಬು ಇಡ್ತಾರಾ? ದಿಂಬು ಕದ್ದಿರಿ, ಹೂವನ್ನೂ ಕದ್ದಿರಿ! ದಿನಾ ಆರುನೂರು!”

ಸ್ಯಾಂಡ್ರಾಳ ಸ್ವರದಲ್ಲಿ ಈಗ ಬಸ್ಸೂ ಇರಲಿಲ್ಲ, ಜೇನೂ ಇರಲಿಲ್ಲ.

“ದಿಂಬು ನಾನೇ ಅಟ್ಟದಿಂದ ತೆಗೆದದ್ದು, ಕೇಳಬೇಕಿತ್ತು. ಹೂ… ಮಾಯ್, ನಾನು ನಿನ್ನ ಹೂ ಕದ್ದೇನಾ?”

ಬಾಯಮ್ಮನಿಗೆ ಒಳಗೆಲ್ಲೋ ಚುಚ್ಚಿತು. ತಾಯಿ ಇಲ್ಲದ ಮಗುವಿಗೆ ಅನ್ನ ಕಲಸಿ ಬಾಯಿಗಿಟ್ಟ ಕೈ ತನ್ನದು. ಆದರೆ ಎದುರಿಗೆ ಲೆಕ್ಕ ನಿಂತಿತ್ತು.

“ಬುಟ್ಟಿ ಸುಳ್ಳು ಹೇಳುವುದಿಲ್ಲ. ನನ್ನ ಜಪವೂ ಸುಳ್ಳು ಹೇಳುವುದಿಲ್ಲ. ನಾಳೆ ನಾಲ್ಕು ಚೆಂಡು ಬಂದರೆ ಸರಿ. ಬರದಿದ್ದರೆ ಕೊಟ್ಟಿಗೆ ಖಾಲಿ ಮಾಡಿ.”

ಏಳು ಹಾಡು ಮುಗಿದಿತ್ತು, ಒಂದು ಬಾಕಿ. ತಿಂಗಳ ಕೊನೆಯ ಭಾನುವಾರ ಇಗರ್ಜಿಯ ಹಾಲಿನಲ್ಲಿ ಬಿಡುಗಡೆ ಎಂದು ಕಾಪುವಿನಿಂದ ಕಾರ್ಕಳದವರೆಗೆ ಪೋಸ್ಟರೂ ಅಂಟಿಸಿ ಆಗಿತ್ತು. ಮೂವರೂ ಸಂಜೆಯವರೆಗೆ ಹತ್ತಿ ಹೆಕ್ಕಿದರು.

ಮರುದಿನ ಬಾಯಮ್ಮ ಕೊಟ್ಟಿಗೆಯ ಬಾಗಿಲಿನಲ್ಲೇ ಮಣೆ ಹಾಕಿ ಕೂತರು. ಬುಟ್ಟಿ ಮಡಿಲಿನಲ್ಲಿ, ಸೆರಗಿನ ತುದಿ ಬುಟ್ಟಿಯ ಹಿಡಿಗೆ ಕಟ್ಟಿ, ಕಣ್ಣು ಮೂವರ ಮೇಲೆ. “ಹ್ಞಾಂ, ಬಾರಿಸಿ!” ಎಂದು ಅಪ್ಪಣೆ ಕೊಟ್ಟರು. ಎಂಟನೆಯ ಹಾಡು ಶುರುವಾಯಿತು. ದಿಂಬಿಲ್ಲದ ಡ್ರಮ್ ಗುಂಯ್ಗುಟ್ಟಿತು. ತುಟಿಯಲ್ಲಿ ಜಪ, ಬೆರಳಲ್ಲಿ ಗಂಟು. ಯಾರೂ ಹತ್ತಿರ ಸುಳಿಯಲಿಲ್ಲ. ಕೊನೆಗೆ ನೋಡಿದರೆ ಮೂರು ಚೆಂಡು, ಇನ್ನೂರು ಹೂ!

ಬಾಯಮ್ಮನ ಮುಖ ಬಿಳಿಚಿತು, ಈ ಸಲ ಹತ್ತಿಯಿಂದಲ್ಲ. “ಹಾಗಾದರೆ ಕದಿಯುವುದು ಮನುಷ್ಯರಲ್ಲ! ಸುಂದರೀ, ಓಡು ಮಾರಾಯ್ತಿ, ಫಾದರನ್ನು ಕರೆ!”

ಫಾದರಿಗಿಂತ ಮೊದಲು ಭೋಜನ ಸ್ಕೂಟರು ಬಂತು. ಬಾಯಮ್ಮ ಹನ್ನೆರಡು ದಿನದ ಸೈತಾನನ ಕತೆಯನ್ನು ಒಂದೇ ಉಸಿರಿನಲ್ಲಿ ಹೇಳಿದರು. ಭೋಜ ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡ.

“ಬಾಯಮ್ಮ, ಒಂದು ವಿಷಯ ಹೇಳ್ಬೇಕಿತ್ತು. ನಿಮ್ಮ ಚೆಂಡು ಈಗ ಸ್ವಲ್ಪ… ದಪ್ಪ ಉಂಟು.”

“ದಪ್ಪ ಅಂದರೆ?”

“ಅಂದರೆ, ಉಡುಪಿಯಲ್ಲಿ ನಿಮ್ಮ ಚೆಂಡಿಗೇ ಜಗಳ. ಬಾಯಮ್ಮನದ್ದೇ ಬೇಕು ಅಂತ ಮದುವೆಯವರು ಹಿಂದಿನ ದಿನವೇ ಹೇಳಿ ಇಡ್ತಾರೆ.”

ಒಂದು ಚೆಂಡು ಬಿಚ್ಚಿದರು. ಸ್ಯಾಂಡ್ರಾ ಎಣಿಸಿದಳು, ಎಲ್ಲರೂ ಸುತ್ತ ನಿಂತರು. ಏಳುನೂರು… ಎಂಟುನೂರು… ಸರ ಇನ್ನೂ ಮುಗಿದಿರಲಿಲ್ಲ! ಒಂಬತ್ತುನೂರು ದಾಟಿತು. ಕೊನೆಯ ಮೊಗ್ಗಿಗೆ ಕರಾರುವಾಕ್ಕಾಗಿ ಸಾವಿರ!

ಆಗ ಜೋನ್ ಬಾಯಿ ತೆರೆದಳು. ಹನ್ನೆರಡು ದಿನದಲ್ಲಿ ಅದು ಅವಳ ಮೊದಲ ಉದ್ದ ಮಾತು.

“ಮಾಯ್, ಸ್ವಲ್ಪ ಕಟ್ಟಿ ನೋಡಿ. ಜಪವನ್ನೂ ಹೇಳಿ.” ಎಂದವಳೇ ಬೆಂಚಿನ ಮೇಲೆ ಕೋಲಿನಿಂದ ಮೆಲ್ಲಗೆ ಬಾರಿಸಿದಳು.

ಬಾಯಮ್ಮ ಕಟ್ಟಿದರು. ತುಟಿ ನಲವತ್ತಾರು ವರ್ಷದ ಹಳೆಯ ನಡಿಗೆಯಲ್ಲೇ ನಿಧಾನಕ್ಕೆ ಹೋಯಿತು. ಬೆರಳು ಮಾತ್ರ ತುಟಿಯನ್ನು ಬಿಟ್ಟು ಜೋನ್‌ಳ ಕೋಲಿನ ಹಿಂದೆ ಓಡಿತು! ಒಂದು ಜಪ ಮುಗಿಯುವಷ್ಟರಲ್ಲಿ ನಾಲ್ಕಲ್ಲ, ಐದು ಗಂಟು. ಐವತ್ತು ಜಪಕ್ಕೆ ಇನ್ನೂರೈವತ್ತು ಗಂಟು, ಸಾವಿರ ಹೂ.

ಕಳ್ಳಿ ಸಿಕ್ಕಿದಳು. ಅವಳ ಕೈಯಲ್ಲಿ ಇನ್ನೂ ಬಾಳೆನಾರಿತ್ತು.

“ಭೋಜ,” ಬಾಯಮ್ಮನ ಸ್ವರ ನೆಲಕ್ಕಿಳಿದಿತ್ತು, “ಹನ್ನೊಂದು ದಿನ ಯಾಕೆ ಬಾಯಿ ಬಿಡಲಿಲ್ಲ?”

“ನಿಮ್ಮ ಲೆಕ್ಕ ತಪ್ಪುವುದಿಲ್ಲ ಅಂತ ನೀವೇ ಹೇಳಿದ್ದಲ್ವಾ? ಎಂತದೋ ಹರಕೆ ಇರಬೇಕು, ಹೆಚ್ಚು ಕೊಡ್ತಿದ್ದೀರಿ ಅಂತ ಗ್ರಹಿಸಿದೆ.”

ಓಡೋಡಿ ಬಂದ ಫಾದರ್ ಅಂಗಳದಲ್ಲಿ ನಿಂತು ಕೇಳಿದರು: “ಸೈತಾನ ಎಲ್ಲಿ?” ಭೋಜ ಬಾಯಮ್ಮನ ಬೆರಳುಗಳನ್ನು ನೋಡಿದ.

ಬಾಯಮ್ಮ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ತನ್ನ ಸ್ವಂತ ದಿಂಬಿತ್ತು. ಅದನ್ನು ತಾವೇ ಬಗ್ಗಿ ಡ್ರಮ್ಮಿನೊಳಗೆ ಇಟ್ಟು, ಎರಡು ಸಲ ತಟ್ಟಿ ಸರಿಮಾಡಿ, ಮೊಮ್ಮಗಳ ಮುಖ ನೋಡದೆ ಹೇಳಿದರು: “ಬಾಯೆ, ಮಗಾ, ಎಂಟನೆಯದನ್ನು ಇನ್ನೊಮ್ಮೆ ಬಾರಿಸಿ. ಮೊದಲಿನದ್ದರಲ್ಲಿ ಗುಂಯ್ ಅಂತಿತ್ತು.”

ಸ್ಯಾಂಡ್ರಾ ಅಜ್ಜಿಯ ಹುಬ್ಬಿನಲ್ಲಿ ಉಳಿದಿದ್ದ ಒಂದೆಳೆ ಹತ್ತಿಯನ್ನು ತೆಗೆದಳು. “ಮಾಯ್, ಬಿಡುಗಡೆಯವರೆಗೆ ದಿಂಬಿಲ್ಲದೆ ಮಲಗ್ತೀಯಾ?”

“ನಿದ್ರೆ ಹೇಗೂ ಬರುವುದಿಲ್ಲ. ಆರು ಸಾವಿರದ ಆರುನೂರು ಹೂ ಉಡುಪಿಗೆ ಪುಕ್ಕಟೆ ಹೋಗಿದೆ!”

ಆಲ್ಬಂ ಹೇಳಿದ ಭಾನುವಾರವೇ ಬಿಡುಗಡೆಯಾಯಿತು. ಫಾದರ್ ಬೆರಳುದ್ದದ ಪೆನ್‌ಡ್ರೈವ್ ಎತ್ತಿ ಹಿಡಿದು ತೀರ್ಥ ಚಿಮುಕಿಸಲು ಹೊರಟಾಗ ಮೂವರೂ ಒಟ್ಟಿಗೆ “ಬೇಡ ಫಾದರ್!” ಎಂದು ಕಿರುಚಿದರು, ತೀರ್ಥ ಮೊದಲ ಸಾಲಿನಲ್ಲಿದ್ದ ಬಾಯಮ್ಮನ ಮೇಲೆ ಬಿತ್ತು. ಯಾರಿಗೆ ಬೇಕಿತ್ತೋ ಅವರಿಗೇ ಬಿತ್ತು ಎಂದು ಸುಂದರಿ ಇಂದಿಗೂ ಹೇಳುತ್ತಾಳೆ.

ಸೋಮವಾರ ಕೊಟ್ಟಿಗೆ ಖಾಲಿ. ಕಾಗೆಗಳು ಹಲಸಿನ ಮರಕ್ಕೆ ವಾಪಸು. ಬಾಯಮ್ಮ ಹೂ ಕಟ್ಟಿದರು. ನಾಲ್ಕು ಚೆಂಡು, ಬುಟ್ಟಿಯ ತಳದಲ್ಲಿ ಒಂದು ಮೊಗ್ಗೂ ಉಳಿದಿಲ್ಲ! ಕಳೆದುಹೋದ ಮಾನ ಎಲೆಯಲ್ಲಿ ಸುತ್ತಿಕೊಂಡು ಮರಳಿ ಬಂದಿತ್ತು. ಬೇಕೆಂದೇ ಭೋಜನ ಎದುರು ನಾಲ್ಕನ್ನೂ ಸಾಲಾಗಿ ಇಟ್ಟರು.

“ನೋಡು. ಒತ್ತಿ ನೋಡು. ಎಣಿಸಿಯೂ ನೋಡು. ಎಂಟುನೂರಕ್ಕೆ ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ.”

ಭೋಜ ಇಷ್ಟು ವರ್ಷದಲ್ಲಿ ಮೊದಲ ಸಲ ಬಾಯಮ್ಮನ ಚೆಂಡೊಂದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ. ಮುಖ ಸಣ್ಣ ಮಾಡಿಕೊಂಡ.

“ಸರಿ ಉಂಟು ಬಾಯಮ್ಮ, ಸರಿಯಾಗಿಯೇ ಉಂಟು…” ಎಂದು ನಿಟ್ಟುಸಿರು ಬಿಟ್ಟು, ಖಾಲಿ ಕೊಟ್ಟಿಗೆಯ ಕಡೆ ಆಸೆಯಿಂದ ನೋಡಿದ. “ಅಲ್ಲ, ಈ ಮಕ್ಕಳು ಇನ್ನೊಂದು ಆಲ್ಬಂ ಯಾವಾಗ ಮಾಡ್ತಾರಂತೆ?”